ಜಾರ್ಜಿಯಾದ ರಾಜಧಾನಿ ಟಿಬಿಲಿಸಿಗೆ ಹೋಗುವವರು ಇದೊಂದು ಓದಿ ಹೋಗಿ ಮಾರಾಯ್ರೆ: ನನ್ನ 1,400 ಲಾರಿ (ಅಲ್ಲಿಯ ದುಡ್ಡು) ಹೋದ ಕಥೆ

ಇದನ್ನು ಬರೆಯಬೇಕಾ ಬೇಡವಾ ಅಂತ ತುಂಬಾ ದಿನ ಯೋಚನೆ ಮಾಡಿದೆ. ನಾಚಿಕೆಯ ವಿಷಯ. ಆದರೆ ಮೊನ್ನೆ ಶಾರ್ಜಾದಲ್ಲಿರುವ ನಮ್ಮೂರಿನ ಹುಡುಗ ಒಬ್ಬ, ರಜೆಗೆ ಜಾರ್ಜಿಯಾ ಟಿಕೆಟ್ ಆಯ್ತು ಅಂತ ಖುಷಿಯಲ್ಲಿ ಡೇಟಿಂಗ್ ಆ್ಯಪ್‌ನ ಸ್ಕ್ರೀನ್‌ಶಾಟ್ ಕಳಿಸಿದ. "ಅಣ್ಣ, ಹೋಗುವ ಮೊದಲೇ ಮ್ಯಾಚ್ ಆಯ್ತು ನೋಡಿ!" ನೋಡಿದೆ. ಹುಡುಗಿ ಬೇರೆ, ಮೆಸೇಜ್ ಮಾತ್ರ ಅಲ್ಲಿ ನನಗೆ ಬಂದಿದ್ದದ್ದೇ. "ರೆಸ್ಟೋರೆಂಟ್ ಬೇಡ, ಅಲ್ಲೆಲ್ಲ ಟೂರಿಸ್ಟ್‌ಗಳು. ನನ್ನ ಗೆಳತಿ ಒಂದು ಚಿಕ್ಕ ಜಾಗ ಹೇಳಿದ್ದಾಳೆ." ಅಕ್ಷರಕ್ಕೆ ಅಕ್ಷರ ಅದೇ. ಓದಿ ನನಗೆ ಮತ್ತೊಮ್ಮೆ ಹೊಟ್ಟೆ ಉರಿಯಿತು.

ನಾನು ದುಬೈಯಲ್ಲಿ ಇರುವವ, ಊರು ಮಂಗಳೂರು ಕಡೆ. 2024ರ ಜೂನ್, ಬಕ್ರೀದ್ ರಜೆ. ಯುಎಇ ರೆಸಿಡೆನ್ಸಿ ಇದ್ದರೆ ಜಾರ್ಜಿಯಾಕ್ಕೆ ಬೇರೆ ವೀಸಾ ಬೇಡ, ವಿಮಾನದಲ್ಲಿ ಮೂರೂವರೆ ಗಂಟೆ, ಇಲ್ಲಿಯ ಸೆಕೆಯಿಂದ ತಪ್ಪಿಸಿಕೊಂಡ ಹಾಗೂ ಆಗ್ತದೆ. ನಮ್ಮವರೆಲ್ಲ ಹೋಗುವುದು ಇದಕ್ಕೇ. ಮೊದಲ ಎರಡು ದಿನ ಚಂದ ಕಳೆಯಿತು. ಕಜ್ಬೆಗಿಯ ಬೆಟ್ಟ ನೋಡಿದೆ, ಮೋಮೋದ ಹಾಗಿನ ಖಿಂಕಾಲಿ ತಿಂದೆ, ಗಂಧಕದ ನೀರಿನಲ್ಲಿ ಸ್ನಾನ ಮಾಡಿದೆ. ಮೂರನೇ ರಾತ್ರಿ ಒಬ್ಬನೇ ರೂಮಿನಲ್ಲಿ ಕೂತು ಆ್ಯಪ್ ತೆಗೆದೆ. ಅಲ್ಲಿಂದ ಶುರು.

ನಾನು ಸತ್ಯ ಹೇಳ್ತೇನೆ, ಸಾಚಾ ಅಂತ ತೋರಿಸಿಕೊಳ್ಳುವುದಿಲ್ಲ. ನನ್ನ ರೂಮ್‌ಮೇಟ್ ಬ್ಯಾಂಕಾಕ್‌ಗೆ ನಾಲ್ಕು ಸಲ ಹೋಗಿ ಬಂದವ. ಅವನ ಪಾಠ ಒಂದೇ: "ದುಡ್ಡಿನ ಮಾತು ಮೊದಲೇ ಮುಗಿಸು. ಆಮೇಲೆ ತಕರಾರು ಬೇಡ." ಅಲ್ಲಿ ಜೊತೆಗೆ ಕೂರುವ ಹುಡುಗಿಗೆ ಕೊಡಿಸುವ ಡ್ರಿಂಕ್, ಲೇಡಿ ಡ್ರಿಂಕ್ ಅಂತ ಮೆನುವಿನಲ್ಲೇ ಇರ್ತದಂತೆ, ಹುಡುಗಿ ಜೊತೆಗೆ ಹೊರಗೆ ಬರಬೇಕಾದರೆ ಬಾರಿಗೆ ಎಷ್ಟು ಕಟ್ಟಬೇಕು ಅಂತಲೂ ಹೇಳ್ತಾರಂತೆ. ಹಾಗಾಗಿ ನಾನು ದೊಡ್ಡ ಅನುಭವಸ್ಥನ ಹಾಗೆ ಚಾಟ್‌ನಲ್ಲೇ ಕೇಳಿಬಿಟ್ಟೆ, ಸಂಜೆ ಜೊತೆಗಿರಲಿಕ್ಕೆ ಎಷ್ಟು ಕೊಡಬೇಕು ಅಂತ.

ಎರಡು ನಿಮಿಷ ಉತ್ತರ ಇಲ್ಲ. ಆಮೇಲೆ ಬಂತು: "ನೀನು ನನ್ನನ್ನು ಏನೆಂದುಕೊಂಡಿದ್ದೀಯ? ನಾನು ಅಂಥವಳಲ್ಲ. ಸುಮ್ಮನೆ ಮಾತಾಡಿ ಒಂದು ಡ್ರಿಂಕ್ ಕುಡಿಯುವ ಅಂತ ಇದ್ದೆ."

ನನ್ನ ಮುಖ ಕೆಂಪಾಯಿತು. ಯಾರದೋ ಮನೆಯ ಹುಡುಗಿಗೆ ಹೀಗೆ ಕೇಳಿದೆನಲ್ಲ ಅಂತ ಹತ್ತು ಸಲ ಸಾರಿ ಹೇಳಿದೆ. ಇದನ್ನು ನೆನಪಿಟ್ಟುಕೊಳ್ಳಿ, ನನ್ನನ್ನು ಮಂಗ ಮಾಡಿದ್ದು ಇದೇ ಜಾಗದಲ್ಲಿ. ಒಮ್ಮೆ ದುಡ್ಡಿನ ಮಾತೆತ್ತಿ ಉಗಿಸಿಕೊಂಡವ ಆ ರಾತ್ರಿ ಮತ್ತೆ ಯಾವುದಕ್ಕೂ ರೇಟ್ ಕೇಳಲಿಲ್ಲ. ಬಿಯರಿಗೂ ಕೇಳಲಿಲ್ಲ!

ರುಸ್ತವೇಲಿ ಮೆಟ್ರೋ ಸ್ಟೇಷನ್ ಹತ್ತಿರ, ಕವಿ ರುಸ್ತವೇಲಿಯ ದೊಡ್ಡ ಪ್ರತಿಮೆಯ ಎದುರು ಸಿಕ್ಕಿದಳು. ಫೋಟೋದಲ್ಲಿದ್ದ ಹಾಗೇ ಇದ್ದಳು, ಅದೇ ನನಗೆ ಧೈರ್ಯ. ಮೋಸ ಅಂದರೆ ಫೋಟೋ ಬೇರೆ ಇರ್ತದೆ ಅಂತ ನನ್ನ ಲೆಕ್ಕ. ಎರಡು ಗಲ್ಲಿ ತಿರುಗಿ, ಮೆಟ್ಟಿಲಿಳಿದು ನೆಲಮಾಳಿಗೆಯ ಒಂದು ಬಾರಿಗೆ ಕರೆದುಕೊಂಡು ಹೋದಳು. ಒಳಗೆ ಹೆಚ್ಚು ಜನ ಇಲ್ಲ. ಮೂಲೆಯಲ್ಲಿ ಒಬ್ಬ ವಿದೇಶಿ ಗಂಡಸು, ಅವನ ಎದುರು ಒಂದು ಹುಡುಗಿ. ನನ್ನದೇ ಕನ್ನಡಿ ಇಟ್ಟ ಹಾಗೆ! ಆಗ ತಿಳಿಯಬೇಕಿತ್ತು.

ಮೆನು ಬಂತು. ಅವಳೇ ತೆಗೆದುಕೊಂಡು, ಜಾರ್ಜಿಯನ್‌ನಲ್ಲಿ ಏನೋ ಹೇಳಿ, ಮುಚ್ಚಿ ಕೊಟ್ಟಳು. ನಾನು ಬಿಯರ್ ಅಂದೆ. ಅವಳು ಕಾಕ್‌ಟೇಲ್. ಮತ್ತೊಂದು ಕಾಕ್‌ಟೇಲ್. ಮಾತು ಮಾತ್ರ ಜೇನು. ವೈನ್ ಮೊದಲು ಮಾಡಿದ್ದೇ ನಾವು, 8,000 ವರ್ಷದ ಇತಿಹಾಸ, ಮಣ್ಣಿನ ಹಂಡೆಯನ್ನು ನೆಲದಲ್ಲಿ ಹೂತು ಮಾಡುವುದು, ನಮ್ಮಲ್ಲಿ ಟೋಸ್ಟ್ ಹೇಳದೆ ಕುಡಿದರೆ ಮರ್ಯಾದೆ ಅಲ್ಲ. ಎಲ್ಲ ನಿಜವೇ, ನಾನೂ ಮ್ಯೂಸಿಯಂನಲ್ಲಿ ನೋಡಿದ್ದೆ. "ಮೊದಲ ಭೇಟಿ, ಒಂದು ಟೋಸ್ಟ್ ಬೇಡವಾ?" ಅಂದಳು. ನಾನು ತಲೆ ಆಡಿಸಿದೆ. ಅಷ್ಟೇ ಮಾಡಿದ್ದು, ತಲೆ ಆಡಿಸಿದ್ದು. ಬಾಟಲಿ ಬಂತು, ಟಪ್ ಅಂತ ತೆಗೆದರು. "ಗೌಮಾರ್ಜೋಸ್!" ಅಂದರೆ ಅವರ ಚಿಯರ್ಸ್. ನಾನೂ ಗೌಮಾರ್ಜೋಸ್ ಅಂದೆ, ಕುರಿ ಬ್ಯಾ ಅಂದ ಹಾಗೆ.

ಇದರ ಮಧ್ಯೆ ಅಮ್ಮನ ಫೋನು. "ಒಣಸ್ ಆಂಡಾ ಮಗಾ?" ಊಟ ಆಯ್ತಾ ಅಂತ ತುಳುವಿನಲ್ಲಿ. ಆಯ್ತು ಅಂತ ಇಟ್ಟೆ.

ಆಮೇಲೆ ಅವಳು ಟಾಯ್ಲೆಟ್‌ಗೆ ಎದ್ದಳು. ಈ ಬಾರಿಗೆ ಮೊದಲ ಸಲ ಬರುವುದು ಅಂತ ಹೇಳಿದವಳು, ಯಾರನ್ನೂ ಕೇಳದೆ, ಆ ಕತ್ತಲೆಯಲ್ಲಿ ಸೀದಾ ಹೋಗಿ ಒಂದು ಪರದೆ ಸರಿಸಿ ಒಳಗೆ ಹೋದಳು. ನನ್ನ ಎದೆ ಧಸಕ್ಕೆಂದಿತು. ಅವಳ ಗ್ಲಾಸ್ ತೆಗೆದು ಒಂದು ಗುಟುಕು ಕುಡಿದು ನೋಡಿದೆ. ದಾಳಿಂಬೆ ಜ್ಯೂಸ್. ಬರೀ ಜ್ಯೂಸ್ ಮಾರಾಯ್ರೆ. ಐದು ಗ್ಲಾಸ್ ಜ್ಯೂಸ್ ಕುಡಿದು ನನ್ನ ಭುಜಕ್ಕೆ ಒರಗಿ ತಲೆ ತಿರುಗ್ತದೆ ಅಂದವಳು!

ಬಿಲ್ ಕೇಳಿದೆ. ಚರ್ಮದ ಫೋಲ್ಡರಿನಲ್ಲಿ ಬಂತು. ನನ್ನ ಎರಡು ಬಿಯರ್ 50 ಲಾರಿ. ಅವಳ ಐದು ಕಾಕ್‌ಟೇಲ್ 450. ಬಾಟಲಿ 780. ಯಾರೂ ಮುಟ್ಟದ ಹಣ್ಣಿನ ತಟ್ಟೆ 120. ಸರ್ವಿಸ್ 80. ಒಟ್ಟು 1,480. ಹೊರಗೆ ಒಳ್ಳೆಯ ಹೋಟೆಲಿನಲ್ಲೇ ಒಂದು ಬಿಯರ್ ಆಗ 10 ಲಾರಿ ಒಳಗೆ ಸಿಗ್ತಿತ್ತು. ನಾನು 148 ಇರಬಹುದು, ಚುಕ್ಕಿ ಕಾಣುವುದಿಲ್ಲ ಅಂತ ಬಿಲ್ಲನ್ನು ಬೆಳಕಿಗೆ ಹಿಡಿದೆ. ಆ ಚುಕ್ಕಿ ಹುಡುಕಿದ್ದು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವ ಅನ್ನಿಸ್ತದೆ. ವಾಪಸ್ ಬಂದು ಕೂತಿದ್ದ ಅವಳು ನನ್ನ ಮುಖ ನೋಡಲಿಲ್ಲ. ಕೈಚೀಲದಿಂದ ಲಿಪ್‌ಸ್ಟಿಕ್ ತೆಗೆದು ಹಚ್ಚಿಕೊಳ್ಳುತ್ತಿದ್ದಳು.

"ಇದೆಂತ?" ಅಂತ ವೇಟರನ್ನು ಕೇಳಿದೆ.

"ಮೆನು ಸಾರ್. ರೀಡ್ ಮೆನು." ತೆಗೆದು ತೋರಿಸಿದ. ಹೌದು, ಎಲ್ಲ ಬರೆದದ್ದು ಉಂಟು. ಸಣ್ಣ ಅಕ್ಷರದಲ್ಲಿ, ಆದರೆ ಉಂಟು.

ಇಬ್ಬರು ದಾಂಡಿಗರು ಬಂದು ಬಾಗಿಲ ಹತ್ತಿರ ನಿಂತರು. ಮುಟ್ಟಲಿಲ್ಲ, ಬೈಯಲೂ ಇಲ್ಲ. ನಿಂತರು ಅಷ್ಟೇ. ನಾನು ಪೊಲೀಸ್ ಕರೀತೇನೆ ಅಂದೆ. ಮ್ಯಾನೇಜರ್ ನಕ್ಕ. "ಕರಿ. 112. ನಾನೇ ಡಯಲ್ ಮಾಡಿ ಕೊಡಲಾ? ಈ ಹುಡುಗಿಗೆ ಎಷ್ಟು ಅಂತ ಕೇಳಿದ್ದೀಯಲ್ಲ, ಆ ಮೆಸೇಜ್ ಅವಳ ಫೋನಿನಲ್ಲಿ ಉಂಟು. ಅದನ್ನೂ ಪೊಲೀಸರಿಗೆ ತೋರಿಸುವ."

ಅಲ್ಲಿಗೆ ನಾನು ಸತ್ತೆ. ಆ ದೇಶದಲ್ಲಿ ಅದು ಕಾನೂನಿಗೆ ವಿರುದ್ಧ. ದುಬೈ ಕೆಲಸ, ಪಾಸ್‌ಪೋರ್ಟ್, ಊರಿನಲ್ಲಿ ಹುಡುಗಿ ನೋಡ್ತಾ ಇರುವ ಅಮ್ಮ, ಎಲ್ಲ ಒಟ್ಟಿಗೆ ಕಣ್ಣೆದುರು ಬಂತು. ಚಾಟ್‌ನಲ್ಲಿ ನಾಚಿಕೆಪಡಿಸಿದ ಅದೇ ಒಂದು ಪ್ರಶ್ನೆಯಿಂದ ಇಲ್ಲಿ ಕುತ್ತಿಗೆ ಹಿಡಿದರು. ಕೊನೆಗೆ ಮ್ಯಾನೇಜರ್ ಭಾರೀ ಉದಾರಿಯ ಹಾಗೆ ಸರ್ವಿಸ್ 80 ಲಾರಿ ಬಿಟ್ಟುಕೊಟ್ಟ. "ಡಿಸ್ಕೌಂಟ್, ಫಾರ್ ಇಂಡಿಯಾ." ಜೇಬಿನಲ್ಲಿದ್ದ 400 ಕೊಟ್ಟೆ, ಉಳಿದ 1,000 ಕಾರ್ಡ್, ನಾನೇ ಪಿನ್ ಒತ್ತಿದೆ. 1,800 ದಿರ್ಹಮ್ ಮೇಲೆ ಆಯ್ತು, ನಮ್ಮ ರೂಪಾಯಿಯಲ್ಲಿ 40 ಸಾವಿರ ದಾಟಿತು.

ಹೊರಗೆ ಬಂದರೆ ಮಧ್ಯರಾತ್ರಿ ಕಳೆದಿದೆ, ಮೆಟ್ರೋ ಬಂದ್. ಫೋನಿನಲ್ಲಿ ಚಾರ್ಜ್ ಇಲ್ಲ, ಹಾಗಾಗಿ ಬೋಲ್ಟ್ ಆ್ಯಪ್‌ನ ಟ್ಯಾಕ್ಸಿ ಕೂಡ ಇಲ್ಲ. ನಡೆದೇ ನದಿ ದಾಟಿ ಮರ್ಜಾನಿಶ್ವಿಲಿ ಕಡೆಯ ಹೋಟೆಲಿಗೆ ಹೋದೆ. ಎಂತ ತಮಾಷೆ ನೋಡಿ, ಮೂರು ದಿನದಿಂದ ನಾನು ಹೆದರುತ್ತಿದ್ದದ್ದು ಇದೇ ರಸ್ತೆಗೆ. ಜೇಬುಗಳ್ಳರು ಇರ್ತಾರೆ ಅಂತ ಪಾಸ್‌ಪೋರ್ಟನ್ನು ಅಂಗಿಯೊಳಗೆ ಕಟ್ಟಿಕೊಂಡು ತಿರುಗಿದವ ನಾನು. ರಸ್ತೆಯಲ್ಲಿ ಯಾರೂ ಏನೂ ಮಾಡಲಿಲ್ಲ. ಕಿವಿಗೆ ಟ್ಯಾಗ್ ಹಾಕಿದ ಒಂದು ಬೀದಿನಾಯಿ ಸೇತುವೆಯವರೆಗೆ ಜೊತೆಗೆ ಬಂತು. ಆ ರಾತ್ರಿ ದುಡ್ಡು ಕೇಳದೆ ಜೊತೆಗಿದ್ದದ್ದು ಅದೊಂದೇ.

ಬೆಳಿಗ್ಗೆ ಅವಳಿಗೆ ಮೆಸೇಜ್ ಹಾಕಿದೆ, ನಿನಗೆ ಇದರಲ್ಲಿ ಎಷ್ಟು ಪಾಲು ಅಂತ. ಉತ್ತರ: "ನಮ್ಮ ದೇಶದಲ್ಲಿ ಗಂಡಸು ಬಿಲ್ ಕೊಡ್ತಾನೆ. ನೀನು ಜಂಟಲ್‌ಮನ್ ಅಂದುಕೊಂಡಿದ್ದೆ." ಕೆಳಗೆ ಒಂದು ಅಳುವ ಮುಖ. ಆಮೇಲೆ ಬ್ಲಾಕ್. ನನ್ನದೇ ದುಡ್ಡು ತಿಂದು ನನಗೇ ಮರ್ಯಾದೆ ಕಲಿಸಿದಳು!

ಮಧ್ಯಾಹ್ನ ಧೈರ್ಯ ಮಾಡಿ ಠಾಣೆಗೂ ಹೋದೆ. ಅಲ್ಲಿ ಠಾಣೆಯೆಲ್ಲ ಗಾಜಿನದ್ದು. 2003ರ ಗುಲಾಬಿ ಕ್ರಾಂತಿಯ ನಂತರ ಪಾರದರ್ಶಕ ಇರಲಿ ಅಂತ ಹಾಗೆ ಕಟ್ಟಿದ್ದಂತೆ. ನನಗಂತೂ ಹೊರಗೆ ಹೋಗುವವರೆಲ್ಲ ನನ್ನನ್ನೇ ನೋಡ್ತಾ ಇದ್ದಾರೆ ಅನ್ನಿಸಿತು. ಆಫೀಸರ್ ಮರ್ಯಾದೆಯಿಂದಲೇ ಮಾತಾಡಿದ. ಮೆನುವಿನಲ್ಲಿ ಬೆಲೆ ಇತ್ತಾ? ಇತ್ತು. ಹೊಡೆದರಾ? ಇಲ್ಲ. ಪಿನ್ ಯಾರು ಒತ್ತಿದ್ದು? ನಾನೇ. "ಕೊಡುವ ಮೊದಲು, ಅಲ್ಲಿ ಒಳಗಿಂದಲೇ ಫೋನ್ ಮಾಡಬೇಕಿತ್ತು" ಅಂದ. ದುಬೈಗೆ ಬಂದು ಬ್ಯಾಂಕಿಗೆ ಕಂಪ್ಲೇಂಟ್ ಕೊಟ್ಟರೆ ಅಲ್ಲೂ ಅದೇ, ಪಿನ್ ಹಾಕಿದ್ದು ನೀವೇ ಅಲ್ವಾ ಸರ್.

ಹೋಗುವವರು ಹೋಗಿ, ಊರು ಚಂದ ಉಂಟು. ಹುಡುಗಿ ಸಿಕ್ಕಿದರೆ ಜಾಗ ನೀವು ಆರಿಸಿ. ಅವಳು ಒಪ್ಪದಿದ್ದರೆ ಅಲ್ಲಿಂದಲೇ ನಮಸ್ಕಾರ. ಮೆನು ನಿಮ್ಮ ಕೈಯಲ್ಲಿ ಇರಲಿ, ಕಂಜೂಸ್ ಅಂದರೆ ಅನ್ನಲಿ. ಆ್ಯಪ್‌ನಲ್ಲಿ ದುಡ್ಡಿನ ಮಾತು ಬರೆದು ಇಡಬೇಡಿ, ನನ್ನ ರೂಮ್‌ಮೇಟಿನ ಪಾಠವನ್ನಂತೂ ಕೇಳಲೇಬೇಡಿ. ಅವನು ಬಿಲ್ ನೋಡಿ ಮೊದಲು ಕೇಳಿದ್ದು "ಹಣ್ಣಿನ ತಟ್ಟೆಯನ್ನಾದರೂ ಪಾರ್ಸೆಲ್ ತರಬಾರದಿತ್ತಾ ಮಾರಾಯ?"

ಶಾರ್ಜಾದ ಹುಡುಗನಿಗೆ ಬಿಲ್ಲಿನ ಫೋಟೋ ಕಳಿಸಿದ್ದೇನೆ. ಬೇಕಾದವರು ಕೇಳಿ, ನಿಮಗೂ ಕಳಿಸ್ತೇನೆ. ಹೆಸರು ಮಾತ್ರ ಕೇಳಬೇಡಿ, ಅಮ್ಮನಿಗೂ ಈಗ ಸ್ಮಾರ್ಟ್‌ಫೋನ್ ಬಂದಿದೆ.