ಬೆಂಗಳೂರಿನ ಮನೆಗೆ ಯಾವ ಹಳೆಯ ಸೆಟ್? ಎಫ್‌ಆರ್‌ಜಿ-7, ಆರ್-1000, ಬಿಸಿ-348

ಹ್ಯಾಮ್ ಬ್ಯಾಂಡ್ (ಹವ್ಯಾಸಿ ರೇಡಿಯೊದವರು ಮಾತಾಡುವ ಆವರ್ತನಗಳು) ಕೇಳಲು ಹಳೆಯ ಶಾರ್ಟ್‌ವೇವ್ ಸೆಟ್ ಬೇಕೆಂದು ಬೆಂಗಳೂರಿನಲ್ಲಿ ಯಾರೇ ಕೇಳಿದರೂ ನನ್ನ ಉತ್ತರ ಯಾಯೆಸು ಎಫ್‌ಆರ್‌ಜಿ-7. ಹೊರದೇಶದ ಹ್ಯಾಮ್‌ಗಳು ಅದನ್ನು ಪ್ರೀತಿಯಿಂದ ಫ್ರಾಗ್ ಅನ್ನುತ್ತಾರೆ, ನಾವು ಕಪ್ಪೆ ಅಂದರೂ ನಡೆಯುತ್ತದೆ. ಅದರ ಪಕ್ಕದಲ್ಲಿಟ್ಟು ಒಂದೇ ಆಂಟೆನಾದಿಂದ ಬದಲಿಸಿ ಬದಲಿಸಿ ಕೇಳಿದ್ದು ಕೆನ್‌ವುಡ್ ಆರ್-1000 ಮತ್ತು ಎರಡನೇ ಮಹಾಯುದ್ಧದ ಬಾಂಬರ್ ವಿಮಾನಗಳಲ್ಲಿದ್ದ ವಾಲ್ವ್ ಸೆಟ್ ಬಿಸಿ-348. ಕೈಪಿಡಿಗಳನ್ನಷ್ಟೇ ಓದಿದರೆ ಆರ್-1000 ಮೇಲು. ಆದರೂ ದಿನವೂ ಕೈ ಹೋಗುವುದು ಕಪ್ಪೆಯ ಡಯಲ್ ಮೇಲೆ.

ಆಂಟೆನಾ ಮೂರಕ್ಕೂ ಒಂದೇ: ತಾರಸಿಯ ಮೇಲೆ 20 ಮೀಟರ್ ತಂತಿ, ಅದರ ಬುಡದಲ್ಲಿ 9:1 ಟ್ರಾನ್ಸ್‌ಫಾರ್ಮರ್ (ಎಫ್‌ಟಿ-140-43 ಉಂಗುರದ ಮೇಲೆ ಮೂರು ತಂತಿ ಒಟ್ಟಿಗೆ ಹೆಣೆದು 9 ಸುತ್ತು), ಅಲ್ಲಿಂದ ಕೋಆಕ್ಸ್ ಕೆಳಗೆ. ಟ್ರಾನ್ಸ್‌ಫಾರ್ಮರ್‌ಗೆ ಮನೆಯ ಅರ್ಥಿಂಗ್ ಕೊಡಬೇಡಿ, ಬೇರೆ ಕಂಬಿ ಹೂಳಿ. ಮನೆಯ ಅರ್ಥ್ ವೈರು ಎಲ್ಲ ಎಲ್‌ಇಡಿ ಬಲ್ಬುಗಳ ಗದ್ದಲವನ್ನೂ ಹೊತ್ತು ತರುತ್ತದೆ.

ಈ ಊರಿನಲ್ಲಿ ಸೂಕ್ಷ್ಮತೆಗಿಂತ ದೊಡ್ಡ ಪ್ರಶ್ನೆ, ಬಲವಾದ ಸಿಗ್ನಲ್ ಮುಂದೆ ಸೆಟ್ ಹೇಗೆ ನಿಲ್ಲುತ್ತದೆ ಎಂಬುದು. ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಕೇಂದ್ರ 200 ಕಿಲೋವ್ಯಾಟ್‌ನದು. ಯಲಹಂಕದ ಕಡೆ 500 ಕಿಲೋವ್ಯಾಟ್ ಶಾರ್ಟ್‌ವೇವ್ ಪ್ರೇಷಕಗಳೇ ಇವೆ. ಉತ್ತರ ಭಾಗದ ಬಡಾವಣೆಗಳಲ್ಲಿ ಉದ್ದ ತಂತಿ ಕಟ್ಟಿದರೆ ಬ್ಯಾಂಡಿನ ಎಲ್ಲೆಲ್ಲೋ ಹಾಡು, ವಾರ್ತೆ ಕೇಳಿಸುವುದು ಇದರಿಂದ: ಸೆಟ್ಟಿನ ಮೊದಲ ಹಂತ ಉಸಿರುಗಟ್ಟಿ ತಾನೇ ಸುಳ್ಳು ಸಿಗ್ನಲ್ ಹುಟ್ಟಿಸುತ್ತದೆ. ಕಪ್ಪೆಯ ಮುಂಭಾಗದಲ್ಲಿ ಕೈಯಿಂದ ತಿರುಗಿಸುವ ಪ್ರೀಸೆಲೆಕ್ಟರ್ ಇದೆ. ಬೇಕಾದ ಆವರ್ತನಕ್ಕೆ ಅದನ್ನು ಮಟ್ಟ ಮಾಡಿದರೆ ದೂರದ ಆವರ್ತನಗಳ ಅಬ್ಬರ ಬಾಗಿಲಲ್ಲೇ ಕುಗ್ಗುತ್ತದೆ. ಆರ್-1000ರಲ್ಲಿ ಅಗಲವಾದ ಬ್ಯಾಂಡ್ ಫಿಲ್ಟರ್‌ಗಳು ತಾವಾಗಿಯೇ ಬದಲಾಗುತ್ತವೆ, ಉಳಿದದ್ದಕ್ಕೆ 20 ಡೆಸಿಬೆಲ್ ಮೆಟ್ಟಿಲುಗಳ ಅಟೆನ್ಯುಯೇಟರ್ (ಬರುವ ಎಲ್ಲ ಸಿಗ್ನಲ್ಲನ್ನೂ ತಗ್ಗಿಸುವ ಸ್ವಿಚ್). ಸುಳ್ಳು ಸಿಗ್ನಲ್ ಹೋಗಲೆಂದು 20 ಡೆಸಿಬೆಲ್ ಇಳಿಸಿದರೆ, ಕಷ್ಟಪಟ್ಟು ಕೇಳುತ್ತಿದ್ದ ದೂರದ ಸ್ಟೇಷನ್ ಕೂಡ ಅದರ ಜೊತೆಗೇ ಮುಳುಗುತ್ತದೆ. 612ಕ್ಕೆ ಮಧ್ಯಮ ತರಂಗ ತಡೆಯುವ ಹೈಪಾಸ್ ಫಿಲ್ಟರ್ ಹೊರಗಡೆ ಹಾಕಿದರೆ ಆರ್-1000 ಎಷ್ಟೋ ಸುಧಾರಿಸುತ್ತದೆ. ಶಾರ್ಟ್‌ವೇವ್ ಪ್ರೇಷಕಗಳಿಗೆ ಅದು ಮದ್ದಲ್ಲ.

ಕಪ್ಪೆಯ ಟ್ಯೂನಿಂಗ್ ಮೊದಲ ವಾರ ಬೇಸರ ತರಿಸುತ್ತದೆ. ದಕ್ಷಿಣ ಆಫ್ರಿಕಾದ ಟ್ರೆವರ್ ವ್ಯಾಡ್ಲಿ ಕಂಡುಹಿಡಿದ, ರೇಕಲ್ ಆರ್‌ಎ-17ರಲ್ಲಿ ಹೆಸರಾದ ವ್ಯಾಡ್ಲಿ ಲೂಪ್ ಸರ್ಕ್ಯೂಟನ್ನೇ ಇದು ಬಳಸುತ್ತದೆ: 1 ಮೆಗಾಹರ್ಟ್ಸ್ ಸ್ಫಟಿಕದ ಹಾರ್ಮೋನಿಕ್‌ಗಳು ಮೊದಲ ಆಸಿಲೇಟರ್‌ನ ಅಲೆದಾಟವನ್ನು ಕಳೆದುಹಾಕುತ್ತವೆ. 7.080 ಮೆಗಾಹರ್ಟ್ಸ್ ಬೇಕಾದರೆ ಎಂಎಚ್‌ಝಡ್ (ಮೆಗಾಹರ್ಟ್ಸ್) ತಿರುಗಣೆಯನ್ನು 7ರ ಹತ್ತಿರ ತಂದು ಲಾಕ್ ದೀಪ ಆರುವವರೆಗೆ ನಿಧಾನ ತಿರುಗಿಸಿ. ಆರಿದ ತಕ್ಷಣ ನಿಲ್ಲಿಸದೆ ಆ ಆರಿದ ಜಾಗದ ನಡುವಿಗೆ ತನ್ನಿ, ಅಂಚಿನಲ್ಲಿ ಬಿಟ್ಟರೆ ಸೆಟ್ ಕಿವುಡಾದಂತೆ ಇರುತ್ತದೆ. ಬಳಿಕ ಪ್ರೀಸೆಲೆಕ್ಟರ್ ಅನ್ನು 4–11ಕ್ಕೆ ಹಾಕಿ ಗದ್ದಲ ಹೆಚ್ಚುವ ಬಿಂದು ಹುಡುಕಿ, ಕೊನೆಗೆ ಕೆಎಚ್‌ಝಡ್ (ಕಿಲೋಹರ್ಟ್ಸ್) ಡಯಲ್ 80ಕ್ಕೆ. ಡಯಲ್ ಸರಿಯಿದೆಯೇ ಎಂದು ನೋಡಲು ಚೀನಾದ ಬಿಪಿಎಂ ಸಮಯ ಕೇಂದ್ರವನ್ನು 10 ಮೆಗಾಹರ್ಟ್ಸ್‌ನಲ್ಲಿ ಹಿಡಿದರೆ ಸಾಕು. 40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡ್‌ನಲ್ಲೇ ಕೂತು ಕೇಳುವವರಿಗೆ ಇದೆಲ್ಲ ದಿನಕ್ಕೆ ಒಮ್ಮೆ ಮಾಡುವ ಕೆಲಸ. 40ರಿಂದ 20ಕ್ಕೆ, 20ರಿಂದ 15ಕ್ಕೆ ಜಿಗಿಯುವ ಅಭ್ಯಾಸದವರು ಆರ್-1000 ನೋಡಲಿ. ಅಲ್ಲಿ ಒಂದು ಸ್ವಿಚ್ ತಿರುಗಿಸಿದರೆ ಮುಗಿಯಿತು, ಅಂಕಿಗಳೂ ಕಣ್ಣೆದುರು.

ಕಪ್ಪೆಯಲ್ಲಿ ನಿಜಕ್ಕೂ ತಲೆ ತಿನ್ನುವುದು ಅದರ ಫಿಲ್ಟರ್. 455 ಕಿಲೋಹರ್ಟ್ಸ್‌ನಲ್ಲಿ ಒಂದೇ ಸೆರಾಮಿಕ್ ಫಿಲ್ಟರ್, ಅಗಲ 6 ಕಿಲೋಹರ್ಟ್ಸ್, ಎಎಂಗೂ (ಪ್ರಸಾರ ಕೇಂದ್ರಗಳ ವಿಧಾನ) ಅದೇ, ಎಸ್‌ಎಸ್‌ಬಿಗೂ (ಹ್ಯಾಮ್‌ಗಳು ಮಾತಿಗೆ ಬಳಸುವ, ಒಂದೇ ಬದಿಯ ಸಿಗ್ನಲ್) ಅದೇ. ಅಂದರೆ 452ರಿಂದ 458ರವರೆಗೆ ಎಲ್ಲವೂ ಒಳಗೆ. ಬಿಎಫ್‌ಒ (ಎಸ್‌ಎಸ್‌ಬಿ, ಮೋರ್ಸ್ ಕೇಳಿಸುವಂತೆ ಮಾಡುವ ಒಳಗಿನ ಆಸಿಲೇಟರ್) ನಡುವಿನಿಂದ 1.5 ಕಿಲೋಹರ್ಟ್ಸ್ ಆಚೆ, ಅಂದರೆ 456.5ರಲ್ಲಿ ಕೂತಿದ್ದರೆ, ಬೇಕಾದ ಕಡೆಯಿಂದ 4.5 ಕಿಲೋಹರ್ಟ್ಸ್‌ವರೆಗಿನ ಸದ್ದು ಬರುತ್ತದೆ. ಬೇಡದ ಕಡೆಯಿಂದಲೂ 1.5 ಕಿಲೋಹರ್ಟ್ಸ್‌ನಷ್ಟು ನುಸುಳುತ್ತದೆ. ನಮ್ಮ ದೇಶದಲ್ಲಿ 40 ಮೀಟರ್ ಬ್ಯಾಂಡ್ 7.000ದಿಂದ 7.200ರವರೆಗೆ ಮಾತ್ರ. ಬೆಳಗಿನ ನೆಟ್‌ಗಳ (ಹ್ಯಾಮ್‌ಗಳು ಸೇರಿ ಮಾತಾಡುವ ಕೂಟಗಳು) ಹೊತ್ತಿಗೆ ಅಷ್ಟೇ ಜಾಗದಲ್ಲಿ ಎಲ್ಲರೂ ಒತ್ತೊತ್ತಾಗಿ ಕೂತಿರುತ್ತಾರೆ. 3 ಕಿಲೋಹರ್ಟ್ಸ್ ಆಚೆಯವರ ಮಾತು ಬಾತುಕೋಳಿಯ ಹಾಗೆ ಮೇಲೆ ಬಂದು ಕೂರುತ್ತದೆ, ಮಂದ ಸಿಗ್ನಲ್‌ನ ಕರೆಸಂಕೇತ ಬರೆದುಕೊಳ್ಳುವುದೇ ಆಗದು. ಮುಂಭಾಗದ ಟೋನ್ ಸ್ವಿಚ್ ಇದನ್ನು ಸರಿಮಾಡುವುದಿಲ್ಲ. ಅದು ಆಡಿಯೊವನ್ನಷ್ಟೇ ಕತ್ತರಿಸುತ್ತದೆ. ಪಕ್ಕದ ಬಲವಾದ ಸ್ಟೇಷನ್ ಆಗಲೇ ಎಜಿಸಿಯನ್ನು (ಬಲವಾದ ಸಿಗ್ನಲ್‌ಗೆ ತಾನೇ ಗೇನ್ ಇಳಿಸುವ ಭಾಗ) ಎಳೆದು ನಿಮ್ಮ ಸ್ಟೇಷನ್ನನ್ನು ತಗ್ಗಿಸಿ ಆಗಿರುತ್ತದೆ.

ಪರಿಹಾರ ಫಿಲ್ಟರ್ ಬದಲಿಸುವುದು. ಮುರಾಟಾ ಸೆರಾಮಿಕ್ ಫಿಲ್ಟರ್‌ಗಳ ಹೆಸರಿನ ಕೊನೆಯ ಅಕ್ಷರ ಅಗಲ ಹೇಳುತ್ತದೆ: ಎಚ್ ಎಂದರೆ ಎರಡೂ ಬದಿಗೆ 3 ಕಿಲೋಹರ್ಟ್ಸ್, ಐ ಎಂದರೆ 2, ಜೆ ಎಂದರೆ 1.5. ಸಿಎಫ್‌ಡಬ್ಲ್ಯು 455ಐ ಹಾಕಿದರೆ ಬೇಡದ ಕಡೆಯ ನುಸುಳುವಿಕೆ ಅರ್ಧ ಕಿಲೋಹರ್ಟ್ಸ್‌ಗೆ ಇಳಿಯುತ್ತದೆ, ಎಎಂ ಪ್ರಸಾರವೂ ಸಹಿಸುವಂತೆ ಇರುತ್ತದೆ. ಸಿಎಫ್‌ಎಂ 455ಜೆ ಹಾಕಿದರೆ ಬಿಎಫ್‌ಒ ಸರಿಯಾಗಿ ಫಿಲ್ಟರ್‌ನ ಅಂಚಿಗೆ ಬಂದು ಎಸ್‌ಎಸ್‌ಬಿ ಅಚ್ಚುಕಟ್ಟಾಗುತ್ತದೆ, ಆದರೆ ಎಎಂನಲ್ಲಿ ಹಾಡು ಕಂಬಳಿ ಹೊದ್ದು ಹಾಡಿದ ಹಾಗೆ. ಹ್ಯಾಮ್ ಬ್ಯಾಂಡಿಗಷ್ಟೇ ಸೆಟ್ ಬಳಸುವವರಿಗೆ ಜೆ. ಈಗ ಇವು ತಯಾರಾಗುತ್ತಿಲ್ಲ. ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಸಿಗುವುದು ಹಳೆಯ ದಾಸ್ತಾನು, ಇಲ್ಲವೇ ಬೇರೆ ಸೆಟ್‌ಗಳಿಂದ ಕಿತ್ತ ತುಂಡುಗಳು. ಒಂದು ಬೇಕಿದ್ದರೆ ಮೂರು ಕೊಂಡುಬಿಡಿ.

ಕೀಳುವಾಗ ಅವಸರ ಬೇಡ. ಬೋರ್ಡ್ ಹಳೆಯದು, ಕಾವು ಹೆಚ್ಚಾದರೆ ತಾಮ್ರದ ಪಟ್ಟಿ ಎದ್ದು ಬರುತ್ತದೆ. 25 ವ್ಯಾಟ್ ಐರನ್, ಬೆಸುಗೆ ಹೀರುವ ತಾಮ್ರದ ಜಡೆ, ಒಂದು ಕಾಲಿಗೆ ಮೂರು ಸೆಕೆಂಡ್ ಮೀರಬಾರದು. ಹೊಸದರ ಕಾಲುಗಳು ಹಳೆಯ ತೂತಿಗೆ ಕೂರದಿದ್ದರೆ ಅದನ್ನು ಸಣ್ಣ ಪರ್ಫ್ ಬೋರ್ಡಿಗೆ ಹಾಕಿ, 2 ಸೆಂಟಿಮೀಟರ್ ಮೀರದ ತಂತಿಗಳಲ್ಲಿ ಜೋಡಿಸಿ, ಲೋಹದ ಕವಚವನ್ನು ಗ್ರೌಂಡಿಗೆ ಬೆಸೆಯಿರಿ. ಒಳಬರುವ ತಂತಿ, ಹೊರಹೋಗುವ ತಂತಿ ಅಕ್ಕಪಕ್ಕ ಓಡಿದರೆ ಸಿಗ್ನಲ್ ಫಿಲ್ಟರನ್ನು ದಾಟಿಕೊಂಡೇ ಹೋಗುತ್ತದೆ. ಆಮೇಲೆ ಎಷ್ಟು ಒಳ್ಳೆಯ ಫಿಲ್ಟರ್ ಹಾಕಿದರೂ ಪಕ್ಕದವರು ಕೇಳಿಸುತ್ತಲೇ ಇರುತ್ತಾರೆ. ಎರಡೂ ಫಿಲ್ಟರ್ ಇಟ್ಟುಕೊಳ್ಳುವ ಆಸೆಯಿದ್ದರೆ ಎರಡು ಪೋಲ್‌ನ ಒಂದೇ ರಿಲೇ ಹಾಕಬೇಡಿ, ಒಳಗಿನ ತುದಿಗೊಂದು ಹೊರಗಿನ ತುದಿಗೊಂದು ಎಂದು ಎರಡು ಬೇರೆ 12 ವೋಲ್ಟ್ ರಿಲೇ ಹಾಕಿ. ಕಿರಿದಾದ ಫಿಲ್ಟರ್ ಸಿಗ್ನಲ್ಲನ್ನು ಸ್ವಲ್ಪ ಹೆಚ್ಚು ತಿನ್ನುವುದರಿಂದ ಎಸ್ ಮೀಟರ್ (ಸಿಗ್ನಲ್ ಬಲ ತೋರಿಸುವ ಮೀಟರ್) ಕಡಿಮೆ ತೋರಿಸುತ್ತದೆ. ಅದಕ್ಕಾಗಿ ಗಾಬರಿಬಿದ್ದು ಕಂಡ ಕಂಡ ಕಾಯಿಲ್ ತಿರುಗಿಸಬೇಡಿ, ಅದರಲ್ಲೂ ವ್ಯಾಡ್ಲಿ ಭಾಗದ ಕಾಯಿಲ್‌ಗಳನ್ನು ಮುಟ್ಟಲೇಬೇಡಿ.

ಈ ಒಂದು ವಿಷಯದಲ್ಲಿ ಆರ್-1000 ಹುಟ್ಟಿನಿಂದಲೇ ಸರಿ: ಎಸ್‌ಎಸ್‌ಬಿಗೆ 2.7 ಕಿಲೋಹರ್ಟ್ಸ್ ಫಿಲ್ಟರ್ ಒಳಗೇ ಇದೆ. ನಾಯ್ಸ್ ಬ್ಲ್ಯಾಂಕರ್ ಕೂಡ ಇದೆ. ಅದು ಸ್ಕೂಟರ್ ಇಗ್ನಿಷನ್‌ನ ಟಕಟಕ ತಡೆಯುತ್ತದೆ, ಚಾರ್ಜರ್‌ಗಳ ಎಡೆಬಿಡದ ಗುಂಯ್‌ಗುಡುವಿಕೆಯನ್ನಲ್ಲ. ತೊಂದರೆ ಇರುವುದು ರಿಪೇರಿಯಲ್ಲಿ. ಪಿಎಲ್‌ಎಲ್ (ಆವರ್ತನವನ್ನು ಹಿಡಿದಿಡುವ ಸರ್ಕ್ಯೂಟ್) ಲಾಕ್ ತಪ್ಪಿದರೆ ಸೆಟ್ ಪೂರ್ತಿ ಮೂಕ. ಹುಳುಕು ಹುಡುಕಲು ಆಸಿಲೋಸ್ಕೋಪ್, ಫ್ರೀಕ್ವೆನ್ಸಿ ಕೌಂಟರ್ ಎರಡೂ ಬೇಕು. ಬ್ಯಾಂಡ್ ಸ್ವಿಚ್‌ನ ಸಂಪರ್ಕಗಳಲ್ಲಿ ಕಿಲುಬು ಕಟ್ಟಿದ್ದರೆ ಕಾಂಟ್ಯಾಕ್ಟ್ ಕ್ಲೀನರ್‌ನಿಂದಲೇ ವಾಸಿಯಾಗಬಹುದು, ಮೊದಲು ಅದನ್ನೇ ಮಾಡಿ. ಕಪ್ಪೆಯಲ್ಲಿ ಸಾಮಾನ್ಯವಾಗಿ ಸಾಯುವುದು ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಮತ್ತು ಡಯಲ್ ದೀಪ. ಮಲ್ಟಿಮೀಟರ್, ಐರನ್ ಇದ್ದರೆ ಒಂದು ಭಾನುವಾರದ ಕೆಲಸ. ಕೆಪಾಸಿಟರ್‌ಗಳನ್ನು ಅದೇ ಮೈಕ್ರೋಫ್ಯಾರಡ್‌ನ 105 ಡಿಗ್ರಿಯವುಗಳಿಂದ ಬದಲಿಸಿ.

ಬಿಸಿ-348 ಪ್ರೀತಿಯ ಸೆಟ್, ಮೊದಲ ಸೆಟ್ ಅಲ್ಲ. 18 ಮೆಗಾಹರ್ಟ್ಸ್‌ಗೆ ನಿಲ್ಲುತ್ತದೆ, ಹಾಗಾಗಿ 15 ಮತ್ತು 10 ಮೀಟರ್ ಇಲ್ಲ. ಅದಕ್ಕೆ ಬೇಕಾದದ್ದು 28 ವೋಲ್ಟ್ ಡಿಸಿ. ಡೈನಮೋಟರ್ (28 ವೋಲ್ಟನ್ನು ಏರಿಸುವ ಮೋಟಾರ್-ಜನರೇಟರ್) ತೆಗೆದು ಬೇರೆ ಸಪ್ಲೈ ಕಟ್ಟಬೇಕು, 200 ವೋಲ್ಟ್ ಮೀರಿದ ಎಚ್‌ಟಿ (ವಾಲ್ವ್‌ಗಳ ಹೈ ವೋಲ್ಟೇಜ್) ಒಳಗೆ ಓಡುತ್ತದೆ, ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ. ಪೇಪರ್ ಕೆಪಾಸಿಟರ್‌ಗಳನ್ನೆಲ್ಲ 630 ವೋಲ್ಟ್ ಫಿಲ್ಮ್‌ನವುಗಳಿಂದ ಬದಲಿಸದೆ ಕರೆಂಟ್ ಕೊಡಬೇಡಿ. ಎಸ್‌ಎಸ್‌ಬಿ ಕೇಳಲು ಸ್ವಿಚ್ಚನ್ನು ಎಂವಿಸಿಗೆ (ಗೇನ್ ಕೈಯಿಂದಲೇ ಇಳಿಸುವ ಸ್ಥಾನ) ಹಾಕಿ, ಬಿಎಫ್‌ಒ ಹಚ್ಚಿ, ಗೇನ್ ಚೆನ್ನಾಗಿ ಇಳಿಸಿ, ಇಲ್ಲದಿದ್ದರೆ ಧ್ವನಿ ಒಡೆಯುತ್ತದೆ. ಅರ್ಧ ಗಂಟೆ ಬಿಸಿಯಾದ ಮೇಲೆ ಮೋರ್ಸ್ ಕೇಳಲು ಇದರಷ್ಟು ಹಿತವಾದದ್ದು ಮೂರರಲ್ಲಿ ಇನ್ನೊಂದಿಲ್ಲ.

ಕಪ್ಪೆಗೆ ನನ್ನ ಮತ ಬೀಳುವ ಇನ್ನೊಂದು ಕಾರಣ ಬ್ಯಾಟರಿ. ಒಳಗೆ 8 ದೊಡ್ಡ ಸೆಲ್‌ಗಳಿಗೆ ಜಾಗ, ಹಿಂದೆ 12 ವೋಲ್ಟ್ ಸಾಕೆಟ್. ಯುಪಿಎಸ್‌ನಲ್ಲಿರುವಂಥ 7 ಆಂಪಿಯರ್-ಅವರ್ ಬ್ಯಾಟರಿ, ಸಾಲಿನಲ್ಲಿ 1 ಆಂಪಿಯರ್ ಫ್ಯೂಸ್; ಡಯಲ್ ದೀಪ ಆರಿಸಿದರೆ ಸಂಜೆ ಪೂರ್ತಿ ನಡೆಯುತ್ತದೆ. ಆಗ ಮನೆಯ ಮೇನ್ಸ್ ಪೂರ್ತಿ ಇಳಿಸಿ ಕೇಳಬಹುದು, ಯಾವ ಗದ್ದಲ ನಿಮ್ಮದು, ಯಾವುದು ಪಕ್ಕದ ಮನೆಯದು ಎಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಆರ್-1000ಕ್ಕೆ ಡಿಸಿ ಬೇಕೆಂದರೆ ಬೇರೆ ಜೋಡಣೆ ಹುಡುಕಬೇಕು.

ಪ್ರೇಷಕದ ಜೊತೆ ಬಳಸುವ ಲೈಸೆನ್ಸ್‌ದಾರರು, ಮಾತಾಡಲು ಗುಂಡಿ ಒತ್ತಿದಾಗ ಸೆಟ್ಟಿನ ಆಂಟೆನಾ ತುದಿಯನ್ನು ಗ್ರೌಂಡ್ ಮಾಡುವ ರಿಲೇ ಹಾಕಿಕೊಳ್ಳಿ. ಬೆನ್ನಿಗೆ ಬೆನ್ನು ಹಚ್ಚಿದ ಎರಡು ಡಯೋಡ್ ಸಾಕು ಅನ್ನುವವರಿದ್ದಾರೆ. ಆಕಾಶವಾಣಿಯ ಬಲಕ್ಕೆ ಆ ಡಯೋಡ್‌ಗಳೇ ಸುಳ್ಳು ಸಿಗ್ನಲ್ ಹುಟ್ಟಿಸುತ್ತವೆ.

ಬಜೆಟ್ ಬಿಗಿಯಿದ್ದರೆ ಕೈಯಲ್ಲಿರುವ ದುಡ್ಡಿನ ಕಾಲು ಭಾಗ ರಿಪೇರಿಗೆ ಎತ್ತಿಟ್ಟು, ಉಳಿದದ್ದರಲ್ಲಿ ಸಿಗುವ ಕಪ್ಪೆ ಕೊಳ್ಳಿ. ಅಂಗಡಿಯವರು "ಓಡುತ್ತೆ ಸಾರ್" ಎಂದು ಪ್ಲಗ್ ಹಾಕಲು ಹೊರಟರೆ ತಡೆಯಿರಿ. ಜಪಾನಿನಿಂದ ಬಂದ ಸೆಟ್ 100 ವೋಲ್ಟ್‌ಗೆ, ಅಮೆರಿಕದಿಂದ ಬಂದದ್ದು 117ಕ್ಕೆ ಜೋಡಿಸಿರಬಹುದು. ನೇರ 230 ಕೊಟ್ಟರೆ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಮುಚ್ಚಳ ತೆಗೆಸಿ ಟ್ರಾನ್ಸ್‌ಫಾರ್ಮರ್ ಟ್ಯಾಪ್ (ಯಾವ ವೋಲ್ಟ್‌ನ ತುದಿಗೆ ಜೋಡಿಸಿದೆ ಎಂದು) ನೋಡಿ, 230ಕ್ಕೆ ಬದಲಿಸಿದ್ದರೆ ಫ್ಯೂಸಿನ ಆಂಪಿಯರ್ ಅರ್ಧಕ್ಕೆ ಇಳಿದಿರಬೇಕು. ಮೊದಲ ಸಲ 40 ವ್ಯಾಟ್ ಫಿಲಮೆಂಟ್ ಬಲ್ಬಿನ ಸೀರೀಸ್ ಬೋರ್ಡಿನಲ್ಲೇ ಹಚ್ಚಿಸಿ: ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ, ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ. ಆಮೇಲೆ ಎಂಎಚ್‌ಝಡ್ ತಿರುಗಣೆಯನ್ನು 0ಯಿಂದ 29ರವರೆಗೆ ಒಂದೊಂದೇ ದಾಟಿಸಿ ನೋಡಿ. ಲಾಕ್ ದೀಪ ಪ್ರತಿ ಅಂಕಿಯಲ್ಲೂ ಆರಬೇಕು. ಒಂದರಲ್ಲಿ ಆರದಿದ್ದರೂ ಬೆಲೆ ಇಳಿಸುವವರೆಗೆ ಜೇಬಿಗೆ ಕೈ ಹಾಕಬೇಡಿ.