ಷೆಂಗೆನ್ ವೀಸಾ ಮತ್ತು ‘ಡಮ್ಮಿ ಬುಕಿಂಗ್’: ಏಜೆಂಟರನ್ನು ನಂಬುವ ಮುನ್ನ

ಬೇಸಿಗೆ ರಜೆಯ ಯೂರೋಪ್ ಪ್ರವಾಸಕ್ಕಾಗಿ ಷೆಂಗೆನ್ ವೀಸಾದ (ಯೂರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಕೆಲಸವನ್ನೆಲ್ಲ ಏಜೆಂಟರ ಕೈಗೆ ಒಪ್ಪಿಸಿ ನಿಶ್ಚಿಂತರಾಗಿರುವ ಬೆಂಗಳೂರಿನವರು ನನ್ನ ಅಕ್ಕ–ಭಾವನವರಿಗೆ ಆದದ್ದನ್ನು ಒಮ್ಮೆ ಓದಬೇಕೆಂದು ಕೋರುತ್ತೇನೆ.

ಅವರು ಹೆಚ್ಚು ದಿನ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್‌ನಲ್ಲಿದ್ದು, ಕೊನೆಗೆ ಪ್ಯಾರಿಸ್ ನೋಡಿಕೊಂಡು ಬರಬೇಕೆಂದಿದ್ದರು. ಸ್ವಿಸ್ ವೀಸಾಕ್ಕೆ ಸ್ಲಾಟ್ (ಅರ್ಜಿ ಸಲ್ಲಿಸಲು ನಿಗದಿಯಾಗುವ ದಿನ, ಸಮಯ) ಸಿಗಲಿಲ್ಲವೆಂದು ಜಯನಗರದ ಏಜೆಂಟರೊಬ್ಬರು ಇನ್ನೊಂದು ದೇಶದ ಮೂಲಕ ಅರ್ಜಿ ಹಾಕಿಸಿ, ‘ವೀಸಾ ಕೈಗೆ ಬಂದ ಮೇಲೆ ನೀವು ಎಲ್ಲಿ ಬೇಕಾದರೂ ಹೋಗಬಹುದು ಸಾರ್’ ಎಂದು ಭಾವನವರಿಗೆ ವಾಟ್ಸಾಪ್ ಮಾಡಿದರು. ಆದರೆ ಷೆಂಗೆನ್ ನಿಯಮದಂತೆ ಹೆಚ್ಚು ದಿನ ತಂಗುವ ದೇಶಕ್ಕೇ ಅರ್ಜಿ ಸಲ್ಲಿಸಬೇಕು. ದಿನಗಳು ಸಮವಾಗಿದ್ದರೆ ಮಾತ್ರ ಮೊದಲು ಕಾಲಿಡುವ ದೇಶಕ್ಕೆ. ಈ ಅಡ್ಡಿಯನ್ನು ದಾಟಲು ಏಜೆಂಟರು, ಅಕ್ಕ–ಭಾವನವರು ಹೋಗುವ ಯೋಚನೆಯನ್ನೇ ಮಾಡಿರದ ಊರೊಂದರ ಹೋಟೆಲ್ ಕಾಯ್ದಿರಿಸುವಿಕೆಯನ್ನು, ಅಂದರೆ ತೋರಿಕೆಯ ‘ಡಮ್ಮಿ ಬುಕಿಂಗ್’ ಒಂದನ್ನು, ಕಡತದಲ್ಲಿ ಸೇರಿಸಿದ್ದರು. ಅರ್ಜಿ ಸಲ್ಲಿಕೆಯಾದ ಮರುದಿನವೇ ಅದು ರದ್ದಾಗಿತ್ತೆಂಬುದು, ವೀಸಾ ತಿರಸ್ಕೃತವಾದ ಮೇಲೆ ಭಾವನವರು ಆ ಹೋಟೆಲಿಗೆ ಇಮೇಲ್ ಬರೆದು ವಿಚಾರಿಸಿದಾಗ ತಿಳಿಯಿತು. ಪ್ರವಾಸದ ಉದ್ದೇಶ ಹಾಗೂ ವಾಸ್ತವ್ಯದ ಬಗ್ಗೆ ನೀಡಿದ ಮಾಹಿತಿ ನಂಬಲರ್ಹವಲ್ಲ ಎಂಬುದು ತಿರಸ್ಕಾರ ಪತ್ರದಲ್ಲಿ ಗುರುತು ಹಾಕಿದ್ದ ಕಾರಣ.

ತಲಾ 90 ಯೂರೋ ವೀಸಾ ಶುಲ್ಕ ಹಿಂದಿರುಗುವುದಿಲ್ಲ. ಏಜೆಂಟರಂತೂ ‘ನಿರ್ಧಾರ ಕಾನ್ಸುಲೇಟಿನದು’ ಎಂದು ಕೈತೊಳೆದುಕೊಂಡರು. ಹಣಕ್ಕಿಂತ ದೊಡ್ಡ ನಷ್ಟವೆಂದರೆ ಈ ತಿರಸ್ಕಾರದ ದಾಖಲೆ ಷೆಂಗೆನ್ ದೇಶಗಳ ವೀಸಾ ಮಾಹಿತಿ ವ್ಯವಸ್ಥೆಯಲ್ಲಿ 5 ವರ್ಷ ಉಳಿಯುತ್ತದೆ. ಬ್ರಿಟನ್ನಿನ ಅರ್ಜಿಯಲ್ಲಿಯೂ ಬೇರೆ ಯಾವುದಾದರೂ ದೇಶ ವೀಸಾ ನಿರಾಕರಿಸಿದೆಯೇ ಎಂಬ ಪ್ರಶ್ನೆಯಿದೆ, ಅದಕ್ಕೆ ಸತ್ಯವನ್ನೇ ಬರೆಯಬೇಕು. ಅರ್ಜಿಯನ್ನು ತುಂಬಿದವರು ಯಾರೇ ಆಗಿರಲಿ, ಸಹಿ ಪ್ರಯಾಣಿಕರದ್ದಾದ್ದರಿಂದ ಸುಳ್ಳು ಮಾಹಿತಿಯ ಹೊಣೆಯೂ ಅವರದ್ದೇ ಆಗುತ್ತದೆ.

ನನ್ನ ದೃಷ್ಟಿಯಲ್ಲಿ ಫಾರಂ ತುಂಬುವುದಕ್ಕೆ ಏಜೆಂಟರ ನೆರವು ಪಡೆಯುವುದು ತಪ್ಪಲ್ಲ. ಆದರೆ ಹೋಟೆಲನ್ನು ಮಾತ್ರ ಉಚಿತವಾಗಿ ರದ್ದುಪಡಿಸಬಹುದಾದ ಷರತ್ತಿನ ಮೇಲೆ, ನಿಮ್ಮದೇ ಹೆಸರು ಮತ್ತು ಇಮೇಲಿನಲ್ಲಿ ಕಾಯ್ದಿರಿಸಿ, ತೀರ್ಮಾನ ಬರುವವರೆಗೆ ಮುಟ್ಟದಿರುವುದು ಕ್ಷೇಮ. ಸಲ್ಲಿಸುವ ಮುನ್ನ ಇಡೀ ಕಡತವನ್ನು ಕೇಳಿ ಪಡೆದು, ಪುಟಪುಟವನ್ನೂ ಓದಿ. ‘ಅದೆಲ್ಲ ನಿಮಗೆ ಯಾಕೆ ಮೇಡಂ’ ಎನ್ನುವ ಏಜೆಂಟರ ಬಳಿಯಿಂದ ಪಾಸ್‌ಪೋರ್ಟನ್ನು ಅಲ್ಲಿಯೇ ವಾಪಸು ಪಡೆಯಿರಿ. ಪ್ರವಾಸಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಲು ಅವಕಾಶವಿದೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನವೂ ಹಿಡಿಯುವುದರಿಂದ, ಮೇ ತಿಂಗಳಲ್ಲಿ ಹೊರಡುವವರು ಡಿಸೆಂಬರಿನಲ್ಲೇ ಸ್ಲಾಟ್ ಹುಡುಕಲು ತೊಡಗಿದರೆ ಬೇರೆ ದೇಶದ ಬಾಗಿಲು ತಟ್ಟುವ ಪ್ರಸಂಗವೇ ಬರುವುದಿಲ್ಲ.

ಭಾವನವರು ಏಜೆಂಟರಿಗೆ ಯುಪಿಐ ಮೂಲಕವೇ ಹಣ ಕೊಟ್ಟಿದ್ದರು, ವಾಟ್ಸಾಪ್ ಸಂದೇಶಗಳನ್ನೂ ಅಳಿಸಿರಲಿಲ್ಲ. ಅವುಗಳ ಆಧಾರದ ಮೇಲೆ ಈಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದಾರೆ.