ಡೈನಮೋ ಬಿಚ್ಚಿ ತೋರ್ಸಿ ಆಮ್ಯಾಲ ರೇಟ್ ಹೇಳೋ ಅಂಗಡಿ, ಕಲಬುರಗಿ

ಈ ಅಂಗಡಿಗಿ ಬೋರ್ಡ್ ಇಲ್ರಿ, ಮೊದ್ಲೇ ಹೇಳ್ತೀನಿ. ಹುಮನಾಬಾದ್ ಬೇಸ್ ದಾಟಿ ಕಪನೂರ ಕಡಿ ಹೊಂಟ್ರ ಹಳೇ ಬ್ಯಾಟರಿ ಸಾಲಾಗಿ ಇಟ್ಟಿರೋ ಒಂದು ತಗಡಿನ ಶೆಡ್ ಬರ್ತದ, ಒಳಗ ಒಬ್ರು ಉಸ್ತಾದ್ರು, ಇಬ್ರು ಹುಡುಗ್ರು, ಒಂದು ಟೇಬಲ್ ಫ್ಯಾನು, ಅಷ್ಟೇ. ಕಾರಿನ ವೈರಿಂಗ್, ಸೆಲ್ಫು, ಡೈನಮೋ (ಗಾಡಿ ಚಾಲು ಇದ್ದಾಗ ಬ್ಯಾಟರಿ ಚಾರ್ಜ್ ಮಾಡೋದು) ಇಷ್ಟೇ ಕೆಲಸ, ಇಂಜಿನ್ ಕೆಲಸ ಮುಟ್ಟಂಗಿಲ್ಲ.

ನಂದು 2013ರ ಪೆಟ್ರೋಲ್ ಗಾಡಿ, ಎರಡು ತಿಂಗಳಿಂದ ಭಾಳ ಕಾಡ್ಲಕತ್ತಿತ್ತು. ಶನಿವಾರ ಸಂಜೀಕ ನಿಲ್ಸಿದ್ರ ಸೋಮವಾರ ಮುಂಜಾನಿ ಚಾವಿ ತಿರುವಿದ್ರ ಟಿಕ್ ಟಿಕ್ ಅಂತ ಅಂದು ಸುಮ್ನಾಗ್ತಿತ್ತು. ಒಂದು ಕಡಿ ತೋರ್ಸಿದ್ರ ಬ್ಯಾಟರಿ ಹೋಗ್ಯಾದ ಅಂದ್ರು, ಹೊಸಾದು ಹಾಕ್ಸಿದೆ, ಹದಿನೈದು ದಿನಕ್ಕ ಮತ್ತ ಅದೇ ಹಾಡು. ಇನ್ನೊಂದು ಗ್ಯಾರೇಜಿನ್ಯಾಗ ಗಾಡಿ ಚಾಲು ಇಟ್ಟೇ ಬ್ಯಾಟರಿ ಟರ್ಮಿನಲ್ ಕಿತ್ತು "ನೋಡ್ರಿ ಬಂದ್ ಆಗ್ಲಿಲ್ಲ, ಡೈನಮೋ ಛಲೋ ಅದ" ಅಂತ ಹೇಳಿ ಕಳ್ಸಿದ್ರು. ಮೂರನೇದವರು ಬಾನೆಟ್ ಸುದ್ದಾ ತೆಗೀದೆ ಪೂರಾ ಡೈನಮೋ ಬದಲಿ, 11 ಸಾವಿರ ಅಂದ್ರು. ಅಷ್ಟ್ರಾಗ ಬೀದರದಿಂದ ರಾತ್ರಿ ಬರೋವಾಗ ಕಮಲಾಪುರ ಹತ್ರ ಹೆಡ್‌ಲೈಟ್ ಮೇಣಬತ್ತಿ ಆದಂಗ ಆಗಿ, ಬ್ಯಾಟರಿ ಲೈಟ್ ಮಿಣುಕ್ಲಕತ್ತು, ಎಸಿ, ಟೇಪು ಎಲ್ಲಾ ಬಂದ್ ಮಾಡಿ ದೇವರ ಮ್ಯಾಲ ಭಾರ ಹಾಕಿ ಮನಿ ಮುಟ್ಟಿದೆ.

ಉಸ್ತಾದ್ರು ಮಾಡಿದ ಮೊದ್ಲ ಕೆಲಸ ಅಂದ್ರ ನನಗ ಬೈದಿದ್ದು. "ಚಾಲು ಗಾಡಿದು ಬ್ಯಾಟರಿ ಯಾರಿಗೂ ಬಿಚ್ಚಲಾಕ ಕೊಡಬ್ಯಾಡ್ರಿ ಸರ್, ವೋಲ್ಟೇಜ್ ಒಮ್ಮೆಲೇ ಹಾರ್ತದ, ಇಸಿಎಂ, ಅಂದ್ರ ಇಂಜಿನ್ ನಡ್ಸೋ ಕಂಪ್ಯೂಟರ್, ಸುಟ್ರ ಡೈನಮೋ ರೇಟೇ ಸಸ್ತಾ ಅನ್ಸ್ತದ" ಅಂದ್ರು. ಆಮ್ಯಾಲ ಗಾಡಿ ಚಾಲು ಇಟ್ಟು ಬ್ಯಾಟರಿಗಿ ಮೀಟರ್ ಹಿಡಿದ್ರು, 12.3 ವೋಲ್ಟ್ ಬಂತು. ಚಾರ್ಜ್ ಆಗ್ತಿದ್ರ 13.8ರಿಂದ 14.5ರ ನಡು ಇರ್ಬೇಕಂತ. ಗಾಡಿ ಬಂದ್ ಮಾಡಿ, ಮೈನಸ್ ವೈರಿನ ನಡು ಮೀಟರ್ ಹಾಕಿ ಹತ್ತು ನಿಮಿಷ ಬಿಟ್ಟು ನೋಡಿದ್ರ 0.6 ಆಂಪ್ಸ್ ಎಳೀಲಕತ್ತಿತ್ತು. ಡೈನಮೋದ ದಪ್ಪ ವೈರ್ ಬಿಚ್ಚಿಟ್ಟು ಮತ್ತ ನೋಡಿದ್ರ 0.02, ಅಂದ್ರ ಕರೆಂಟ್ ಡೈನಮೋದಾಗೇ ಸೋರ್ತಿತ್ತು. ನನ್ನ ಬ್ಯಾಟರಿ 35 ಎಎಚ್ (ಆಂಪ್ಸ್ ಗುಣಿಸು ತಾಸು), ಲೆಕ್ಕ ಹಾಕಿ ನೋಡ್ರಿ, ಒಂದೂವರಿ ದಿನ ನಿಂತ್ರ ಅರ್ಧಕ್ಕಿಂತ ಜಾಸ್ತಿ ಖಾಲಿ. ಹೊಸ ಬ್ಯಾಟರಿಗಿ ಹಾಕಿದ ರೊಕ್ಕ ನೆನಸಿ ಹೊಟ್ಟಿ ಉರೀತು ನೋಡ್ರಿ.

ಡೈನಮೋ ಇಳ್ಸಿದ ಮ್ಯಾಲ ನನ್ನ ಎದುರಿಗೇ ಬಿಚ್ಚಿದ್ರು, ಇದು ಭಾಳ ಖುಷಿ ಆತು. ಮೊದ್ಲು ಎರಡೂ ಕವಚದ ಮ್ಯಾಲ ಸ್ಕ್ರೂಡ್ರೈವರಿಂದ ಒಂದು ಗೆರಿ ಕೊರದ್ರು, ಯಾಕ ಅಂದ್ರ ವಾಪಸ್ ಕೂಡ್ಸೋವಾಗ ಜರಾ ತಿರುಗಿದ್ರೂ ಬೋಲ್ಟಿನ ಕಿವಿ ಇಂಜಿನ್ನಿಗಿ ಕೂಡಂಗಿಲ್ಲ. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದ ಕೂಡ್ಲೇ ಕರೀ ಪುಡಿ ಬಿತ್ತು. ಒಳಗ ಕರೆಂಟ್ ಒಯ್ಯೋ ಕಾರ್ಬನ್ ತುಂಡು ಎರಡೂ ತೊಗರಿ ಬ್ಯಾಳಿಯಷ್ಟು ಉಳದಿದ್ವು, ಖರೇನೇ, ಕೈಯಾಗ ಹಿಡ್ಕೊಂಡು ನೋಡೀನಿ. ಅದಕ್ಕೇ ಬ್ಯಾಟರಿ ಲೈಟ್ ಒಮ್ಮೆ ಹತ್ತೋದು ಒಮ್ಮೆ ಆರೋದು, ಕಾರ್ಬನ್ ಸ್ಲಿಪ್ ರಿಂಗಿಗಿ (ಶಾಫ್ಟಿನ ಮ್ಯಾಲಿನ ಬಳಿಗಿ) ನೆಟ್ಟಗ ಮುಟ್ಟಿದ್ರ ತಾನೇ ರೋಟರಿಗಿ, ಅಂದ್ರ ಒಳಗ ತಿರುಗೋ ಸುರುಳಿಗಿ, ಕರೆಂಟ್ ಹೋಗೋದು.

ರೋಟರ್ ನೋಡೋವಾಗ ಮೀಟರಿನ ಎರಡೂ ಕಡ್ಡಿ ಒಂದಕ್ಕೊಂದು ತಾಗ್ಸಿ 0.3 ಓಮ್ ಅಂತ ಓದಿ, ಆಮ್ಯಾಲ ಎರಡೂ ರಿಂಗಿನ ಮ್ಯಾಲ ಇಟ್ರು, 3.1 ಬಂತು. ಅದರಾಗ 0.3 ಕಳೀಬೇಕು, ಕಡ್ಡಿದೇ ರೆಸಿಸ್ಟನ್ಸ್ ಅದು ಅಂದ್ರು. ರಿಂಗಿಂದ ಶಾಫ್ಟಿಗಿ ಏನೂ ಬರ್ಲಿಲ್ಲ, ಬರಬಾರ್ದು, ಬಂದ್ರ ಶಾರ್ಟ್. ಸ್ಟೇಟರಿಂದು (ಸುತ್ತಲಿನ ತಿರುಗದ ವೈಂಡಿಂಗಿಂದು) ಮೂರೂ ವೈರ್ ಬಿಸಿ ಮಾಡಿ, ಕರೆಂಟ್ ಒಂದೇ ಕಡಿ ಬಿಡೋ ಡಯೋಡ್ ಇರೋ ಪ್ಲೇಟಿನಿಂದ ಬಿಡ್ಸಿದ್ರು, ಕೂಡಿದ್ದಂಗೇ ನೋಡಿದ್ರ ಮೀಟರ್ ಸುಳ್ಳು ಹೇಳ್ತದಂತ. ವೈಂಡಿಂಗಿನೊಳಗ ಎರಡು ಸುತ್ತು ಅಂಟಿದ್ರ ಈ ಮೀಟರಿಗಿ ತಿಳಿಯಂಗಿಲ್ಲ, ಮೂಗಿಗಿ ತಿಳೀತದ ಅಂದು ತಾಮ್ರ ಮೂಸಿ ನೋಡಿದ್ರು, ನನಗೂ ಮೂಸಲಾಕ ಕೊಟ್ರು, ಸುಟ್ಟ ವಾಸನಿ ಇರ್ಲಿಲ್ಲ. ಕಡೀಕ ಆರು ಡಯೋಡು. ಐದ್ರಾಗ ಒಂದು ಕಡಿಯಿಂದ 0.5 ಚಿಲ್ಲರ್, ತಿರುಗಿಸಿ ಹಿಡಿದ್ರ ಏನೂ ಇಲ್ಲ. ಒಂದ್ರಾಗ ಮಾತ್ರ ಎರಡೂ ಕಡಿಯಿಂದ ರೀಡಿಂಗ್ ಬಂತು. "ಇಂವನೇ ನೋಡ್ರಿ ರಾತ್ರಿ ಕಳ್ಳ" ಅಂದ್ರು.

ಕಾರ್ಬನ್, ಡಯೋಡ್ ಪ್ಲೇಟು, ಹಿಂದಿನ ಬೇರಿಂಗು, ಮಜೂರಿ ಎಲ್ಲಾ ಸೇರಿ 2,900. ಬೇರಿಂಗ್ ಕೈಲೆ ತಿರುವಿದ್ರ ಗರ್ ಗರ್ ಅಂತಿತ್ತು, ನಾನೇ ಹೂಂ ಅಂದೆ. ಡಯೋಡ್ ಪ್ಲೇಟ್ ಕಂಪನಿದಲ್ಲ ಅಂತ ಮೊದ್ಲೇ ಹೇಳೇ ಹಾಕಿದ್ರು, ಅದು ಎಷ್ಟು ದಿನ ಬರ್ತದೋ ನೋಡ್ಬೇಕು, ನಮ್ ಕಡಿ ಬ್ಯಾಸಗಿ ಬಿಸಿಲಿಗಿ ಬಾನೆಟ್ ಒಳಗ ಏನು ಉಳೀತದ. ಕೂಡ್ಸೋವಾಗ ಹೊಸ ಕಾರ್ಬನ್ ಹೊರಗ ಹಾರಬಾರ್ದು ಅಂತ ಹಿಂದಿನ ಸಣ್ಣ ತೂತಿನ್ಯಾಗ ಒಂದು ತಂತಿ ಚುಚ್ಚಿ ಹಿಡದು, ಶಾಫ್ಟ್ ಕೂತ ಮ್ಯಾಲ ಎಳ್ಕೊಂಡ್ರು. ಚಾಲು ಮಾಡಿದ್ರ 14.2, ಎಸಿ, ಹೆಡ್‌ಲೈಟ್ ಎಲ್ಲಾ ಹಾಕಿದ್ರೂ 13.9.

ಕಿರಿಕಿರಿನೂ ಅದಾವ. ಎರಡು ತಾಸಂದ್ರು, ಐದು ತಾಸಾತು, ಬೇರಿಂಗ್ ತರಲಾಕ ಹೋದ ಹುಡುಗ ಸೂಪರ್ ಮಾರ್ಕೆಟ್ ಬಜಾರಿನ್ಯಾಗ ಚಾ ಕುಡ್ಕೋತ ಕುಂತಿದ್ದನೋ ಏನೋ. ಕೂಡಲಾಕ ಜಾಗಾ ಇಲ್ಲ, ಬಿಲ್ಲೂ ಇಲ್ಲ, ಸಿಗರೇಟ್ ಪ್ಯಾಕಿನ ಹಿಂದ ಬರ್ದು ಕೊಟ್ರು. ಮರುದಿನ ಮುಂಜಾನಿ ಚಾಲು ಮಾಡಿದ್ರ ಬೆಲ್ಟ್ ಕೀಂಯ್ ಅಂತ ಓಣಿ ಮಂದಿನ್ನೆಲ್ಲಾ ಎಬ್ಬಿಸ್ತು, ವಾಪಸ್ ಹೋದೆ, ಬಿಗಿ ಮಾಡಿ ಕೊಟ್ರು, ರೊಕ್ಕ ತಗೊಳ್ಳಿಲ್ಲ.

ಮೂರು ತಿಂಗಳಾತು, ಹ್ವಾದ ವಾರ ಊರಿಗಿ ಹೋಗಿ ನಾಲ್ಕು ದಿನ ಗಾಡಿ ನಿಂತಿತ್ತು, ಒಂದೇ ಸೆಲ್ಫಿಗಿ ಎದ್ದದ. ಹೋಗೋರು ಮುಂಜಾನಿನೇ ಹೋಗ್ರಿ, ಶುಕ್ರವಾರ ಮಧ್ಯಾಹ್ನ ನಮಾಜಿಗಿ ಶೆಡ್ ಬಂದ್ ಇರ್ತದ, ಆನ್‌ಲೈನ್ ಪೇಮೆಂಟ್ ನಡೀತದ.